ಒಟ್ಟಿಗೆ ನೋಡುವ ಸುಖ

ನಮ್ಮ ಕಡೆ ಬಯಲಾಟಕ್ಕೆ ಒಬ್ಬರೇ ಹೋಗುವವರು ಕಡಿಮೆ. ಚಾಪೆ, ಕಂಬಳಿ, ಡಬ್ಬಿಯಲ್ಲಿ ಚಕ್ಕುಲಿ, ಮಡಿಲಲ್ಲಿ ನಿದ್ದೆ ಹೋಗುವ ಮಗು, ಪಕ್ಕದಲ್ಲಿ ಓರಗಿತ್ತಿಯೋ ನೆರೆಮನೆಯ ಗೆಳತಿಯೋ, ಇಷ್ಟೆಲ್ಲ ಕೂಡಿದರೇ ಅದು ಆಟ. ರಂಗದ ಮೇಲಿನದನ್ನು ನೋಡುವುದು ಅರ್ಧ ಸುಖವಾದರೆ, "ಇವತ್ತು ಭಾಗವತರ ಗಂಟಲು ಕೂತಿದೆಯಲ್ಲೇ" ಎಂದು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟುವುದು ಇನ್ನರ್ಧ ಸುಖ. ಹರಿಕಥೆಯಿರಲಿ, ಟೂರಿಂಗ್ ಟಾಕೀಸಿರಲಿ, ಆಮೇಲೆ ಬಂದ ಟಿ.ವಿ.ಯೇ ಇರಲಿ, ನೋಡುವುದೆಂದರೆ ಜೊತೆಯಲ್ಲಿ ನೋಡುವುದು ಎಂದೇ ನಾವು ತಿಳಿದುಕೊಂಡು ಬಂದವರು.

ಹೆಂಗಸರ ಮಟ್ಟಿಗೆ ಈ ಜೊತೆ ಬೇಗ ತಪ್ಪಿಹೋಗುತ್ತದೆ. ಗಂಡಸರಿಗೆ ಹುಟ್ಟಿದೂರಿನ ಕಟ್ಟೆಯೋ ಹೋಟೆಲಿನ ಮೂಲೆಯ ಮೇಜೋ ಬಹುಕಾಲ ಉಳಿದಿರುತ್ತದೆ. ಒಂದೇ ಬೆಂಚಿನಲ್ಲಿ ಕೂತು ಓದಿದ ಐದು ಹುಡುಗಿಯರು ಮಾತ್ರ ಮದುವೆಯ ಎರಡು ಮೂರು ಹಂಗಾಮು ಕಳೆಯುವುದರೊಳಗೆ ಐದು ಊರಿಗೆ ಚದುರಿರುತ್ತಾರೆ. ವರ್ಷಕ್ಕೊಂದು ಕಾಗದ, ಆಮೇಲೆ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಹತ್ತು ನಿಮಿಷದ ಮಾತು, ಅಷ್ಟೇ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಮಾತಿಗೆ ತಡೆಯಿಲ್ಲ ಎನ್ನಬಹುದು. ಆದರೆ ಮಾತೆಂಬುದು ಬರಿದೇ ಹುಟ್ಟುವುದಿಲ್ಲ. "ಏನು ಸಮಾಚಾರ?", "ಏನೂ ಇಲ್ಲ, ನಿಂದೇನು?" ಎಂಬಲ್ಲಿಗೆ ನಿಂತುಬಿಡುತ್ತದೆ. ಇಬ್ಬರ ಕಣ್ಣೆದುರೂ ಒಂದೇ ಸಂಗತಿ ನಡೆಯುತ್ತಿರಬೇಕು, ಆಗ ಮಾತು ತಾನಾಗಿ ಬರುತ್ತದೆ. ದೂರದಲ್ಲಿರುವ ಗೆಳತಿಗೆ ಪಕ್ಕದ ಚಾಪೆಯನ್ನು ಹಾಸಿಕೊಡುವುದು ಹೇಗೆ ಎಂಬುದೇ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವರ ಕತೆ ದೊಡ್ಡದು, ಮೊಬೈಲಿಗಿಂತ ಬಹಳ ಹಳೆಯದು.

1881ರಲ್ಲಿ ಪ್ಯಾರಿಸ್ಸಿನಲ್ಲಿ ವಿದ್ಯುತ್ತಿನ ಅಂತರರಾಷ್ಟ್ರೀಯ ಪ್ರದರ್ಶನವೊಂದು ನಡೆಯಿತು. ಕ್ಲೆಮಾನ್ ಅಡೇರ್ ಎಂಬ ಎಂಜಿನಿಯರು ಅಲ್ಲಿಯ ಒಪೆರಾ ರಂಗಮಂದಿರದ ವೇದಿಕೆಯ ಅಂಚಿಗೆ ಟೆಲಿಫೋನಿನ ಧ್ವನಿಗ್ರಾಹಕಗಳನ್ನು ಜೋಡಿಸಿ, ತಂತಿಯ ಮೂಲಕ ಸಂಗೀತವನ್ನು ಪ್ರದರ್ಶನದ ಕಟ್ಟಡಕ್ಕೆ ತಂದ. ಎರಡು ಕಿವಿಗೆ ಎರಡು ಕೇಳುಗೊಳವೆ ಹಿಡಿದು ನಿಂತವರಿಗೆ ಹಾಡುಗಾರ ವೇದಿಕೆಯ ಎಡಕ್ಕಿದ್ದಾನೋ ಬಲಕ್ಕಿದ್ದಾನೋ ಎಂಬುದೂ ತಿಳಿಯುತ್ತಿತ್ತಂತೆ. 1890ರಲ್ಲಿ ಇದು ಥಿಯೇಟ್ರೊಫೋನ್ ಎಂಬ ಹೆಸರಿನ ವ್ಯಾಪಾರವೇ ಆಯಿತು. ಹೋಟೆಲುಗಳಲ್ಲಿ ಪೆಟ್ಟಿಗೆಗೆ ನಾಣ್ಯ ಹಾಕಿ ಐದು ನಿಮಿಷ ಒಪೆರಾ ಕೇಳಬಹುದಾಗಿತ್ತು. ಅನುಕೂಲಸ್ಥರು ಮನೆಗೇ ತಂತಿ ಹಾಕಿಸಿಕೊಂಡರು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ 1911ರಲ್ಲಿ ಚಂದಾದಾರನಾಗಿ ಮನೆಯಲ್ಲೇ ಕೂತು ಒಪೆರಾ ಕೇಳುತ್ತಿದ್ದ. 1932ರಲ್ಲಿ ಈ ಸೇವೆ ನಿಂತಿತು. ಬುಡಾಪೆಸ್ಟಿನಲ್ಲಿಯೂ 1893ರಲ್ಲಿ ಟೆಲಿಫೋನ್ ತಂತಿಯ ಮೇಲೆ ಸುದ್ದಿಯನ್ನೂ ಸಂಗೀತವನ್ನೂ ಮನೆಮನೆಗೆ ಕಳಿಸುವ ಏರ್ಪಾಡು ಶುರುವಾಯಿತು.

ಹಾಗೆ ನೋಡಿದರೆ ನೇರಪ್ರಸಾರದ ಮೊದಲ ರೂಪ ಇದೇ. ಆದರೆ ಇದರಲ್ಲೊಂದು ಕೊರತೆಯಿತ್ತು. ಸಾವಿರ ಜನ ಒಂದೇ ಹಾಡನ್ನು ಅದೇ ಗಳಿಗೆಯಲ್ಲಿ ಕೇಳುತ್ತಿದ್ದರೂ ಒಬ್ಬ ಕೇಳುಗನಿಗೆ ಇನ್ನೊಬ್ಬನಿರುವುದೇ ಗೊತ್ತಾಗುತ್ತಿರಲಿಲ್ಲ. ಟೆಲಿಫೋನೆಂಬ ಮಾತನಾಡುವ ಯಂತ್ರವನ್ನು ಬರಿಯ ಕೇಳುವ ಯಂತ್ರ ಮಾಡಿದ್ದರು. ಆಟ ಬಂತು, ಪಕ್ಕದವಳು ಬರಲಿಲ್ಲ.

ನಮ್ಮ ದೇಶದ ದಾರಿ ಬೇರೆಯಾಯಿತು. ಯಂತ್ರ ದುಬಾರಿ, ಜನ ಬಹಳ. ಆದ್ದರಿಂದ ಒಂದು ಪೆಟ್ಟಿಗೆಯ ಮುಂದೆ ಊರನ್ನೇ ಕೂರಿಸುವುದು ಅನಿವಾರ್ಯ. 1956ರಲ್ಲಿ ಪುಣೆಯ ಆಸುಪಾಸಿನ 150 ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ಆಕಾಶವಾಣಿಯವರು ಒಂದು ಪ್ರಯೋಗ ಮಾಡಿದರು. ಪ್ರತಿ ಹಳ್ಳಿಯಲ್ಲೂ ಸುಮಾರು ಇಪ್ಪತ್ತು ಜನರ ಕೂಟ. ಅರ್ಧ ಗಂಟೆ ರೇಡಿಯೋ ಕೇಳುವುದು, ಆಮೇಲೆ ಕೇಳಿದ್ದರ ಮೇಲೆ ಮಾತನಾಡುವುದು. ಆ ಮಾತಿನಿಂದ ಹುಟ್ಟಿದ ಪ್ರಶ್ನೆಗಳು ರೇಡಿಯೋ ಕೇಂದ್ರಕ್ಕೆ ಹೋಗುತ್ತಿದ್ದವು. ಮಾತನ್ನು ಕಾರ್ಯಕ್ರಮದ ಒಂದು ಭಾಗವೆಂದೇ ಎಣಿಸಿ ಮೊದಲೇ ಅದಕ್ಕೆ ಜಾಗ ಬಿಟ್ಟಿದ್ದರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಅದಾದ ಮೇಲೆ ಬಂದದ್ದು ಉಪಗ್ರಹ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಅಮೆರಿಕದ ನಾಸಾ ಸಂಸ್ಥೆಯ ಉಪಗ್ರಹವೊಂದನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸಲಾಯಿತು. 'ಸೈಟ್' ಎಂದು ಅದರ ಹೆಸರು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಹೊಡೆಯುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರಿನ ಆಂಟೆನಾ, ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಒಂದು ಟಿ.ವಿ., ಅದರ ಮುಂದೆ ಊರು. ಬೆಳಿಗ್ಗೆ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗೆ ಎರಡೂವರೆ ಗಂಟೆ. ಎಷ್ಟೋ ಪಟ್ಟಣಗಳಿಗಿಂತ ಮೊದಲೇ ಟಿ.ವಿ. ಕಂಡ ಹಳ್ಳಿಗಳವು. ಉಪಗ್ರಹ ಆಕಾಶದಲ್ಲಿತ್ತು, ಪಕ್ಕದವಳು ಪಕ್ಕದಲ್ಲೇ ಇದ್ದಳು.

ಮುಂದೆ 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆಗಳು ರಾಮಾಯಣ ಧಾರಾವಾಹಿಯವಾದವು. ಬೀದಿಗೆ ಎರಡೋ ಮೂರೋ ಟಿ.ವಿ. ಇದ್ದ ಕಾಲ. ಟಿ.ವಿ. ಇದ್ದ ಮನೆಯ ನಡುಮನೆ ಬೀದಿಯವರೆಲ್ಲರ ನಡುಮನೆ. ತಿಂಡಿ ಬೇಗ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂರುತ್ತಿದ್ದ ಹೆಂಗಸರಿಗೆ, ಕೈಕೇಯಿಯ ಬಗ್ಗೆ ಮಾತಾಡುವ ನೆಪದಲ್ಲಿ ತಮ್ಮ ತಮ್ಮ ಅತ್ತೆಯರ ಬಗ್ಗೆಯೂ ನಾಲ್ಕು ಮಾತಾಡುವ ಅವಕಾಶ. ಟಿ.ವಿ. ಮನೆಮನೆಗೆ ಬಂದ ಮೇಲೆ ಆ ನಡುಮನೆ ಮುಚ್ಚಿತು. 2020ರ ಲಾಕ್‌ಡೌನಿನಲ್ಲಿ ಅದೇ ರಾಮಾಯಣವನ್ನು ದೂರದರ್ಶನ ಮತ್ತೆ ತೋರಿಸಿದಾಗ ಕೋಟ್ಯಂತರ ಜನ ನೋಡಿದರು, ಅವರವರ ಮನೆಯ ಬಾಗಿಲು ಹಾಕಿಕೊಂಡು.

ದೂರದವರನ್ನು ಒಟ್ಟಿಗೆ ಕೂರಿಸುವ ಯಂತ್ರದ ಪ್ರಯತ್ನಗಳು ಗಂಭೀರವಾಗಿ ಶುರುವಾದದ್ದು 2000ದ ನಂತರ. ಬೆಲ್ಜಿಯಮ್ಮಿನ ಅಲ್ಕಾಟೆಲ್ ಸಂಶೋಧಕರು 2004ರಲ್ಲಿ 'ಅಮಿಗೊ ಟಿ.ವಿ.' ಎಂಬ ಮಾದರಿಯನ್ನು ತೋರಿಸಿದರು. ಅಮಿಗೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಸ್ನೇಹಿತ. ಯಾವ ಸ್ನೇಹಿತರು ಈಗ ಟಿ.ವಿ. ನೋಡುತ್ತಿದ್ದಾರೆ ಎಂಬುದು ಪರದೆಯ ಮೇಲೆ ಕಾಣುತ್ತಿತ್ತು. ನೋಡುತ್ತಲೇ ಅವರ ಜೊತೆ ಮಾತನಾಡಬಹುದಿತ್ತು, ನಗುವ ಅಳುವ ಗೊಂಬೆಮುಖಗಳನ್ನು ಕಳಿಸಬಹುದಿತ್ತು. ಇಂದು ನಾವು ದಿನಬೆಳಗಾದರೆ ಬಳಸುವುದೆಲ್ಲ ಅದರಲ್ಲಿ ಆಗಲೇ ಇತ್ತು.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ 'ಪಾರ್ಕ್' ಸಂಶೋಧನಾಲಯದವರು ಯಂತ್ರ ಮಾಡುವ ಮೊದಲು ಜನರನ್ನು ನೋಡಿದರು. ಕೆಲವರನ್ನು ಒಂದೇ ಕೋಣೆಯಲ್ಲಿ, ಕೆಲವರನ್ನು ಎರಡು ಕೋಣೆಗಳಲ್ಲಿ ಧ್ವನಿಯ ಸಂಪರ್ಕ ಮಾತ್ರ ಕೊಟ್ಟು ಟಿ.ವಿ. ಮುಂದೆ ಕೂರಿಸಿ, ಅವರು ಯಾವಾಗ ಮಾತಾಡುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ಎಂದು ಗಮನಿಸಿದರು. ಕಂಡದ್ದು ಯಾವ ಅಜ್ಜಿಯೂ ಹೇಳಬಹುದಾಗಿದ್ದ ಸಂಗತಿಯೇ. ಜನ ಕಾರ್ಯಕ್ರಮದ ಸಂದಿಗಳನ್ನು ಕಾಯುತ್ತಾರೆ. ಪಾತ್ರಗಳ ಮಾತು ನಿಂತಾಗ, ಜಾಹೀರಾತು ಬಂದಾಗ ತಮ್ಮ ಮಾತನ್ನು ತೂರಿಸುತ್ತಾರೆ. ಮುಖ್ಯ ದೃಶ್ಯ ಬಂದೊಡನೆ ತಾವಾಗಿ ಬಾಯಿ ಮುಚ್ಚುತ್ತಾರೆ. ದೂರ ಕೂತವರೂ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಂಡರು. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ವಿಡಿಯೋ ನೋಡುತ್ತ ಬರಹದಲ್ಲಿ ಹರಟೆ ಹೊಡೆದವರು ಗಮನ ಹರಿದುಹೋಯಿತು ಎಂದರು, ಆದರೂ ಹರಟೆಯೇ ಬೇಕು ಎಂದರು. ಗಮನ ಕೆಡಿಸಿದರೂ ಪರವಾಗಿಲ್ಲ, ಜೊತೆ ಬೇಕು ಎನ್ನುವುದು ಮನುಷ್ಯ ಸ್ವಭಾವ.

ಜಪಾನಿನಲ್ಲಿ ಇದಕ್ಕೊಂದು ವಿಚಿತ್ರ ಉಪಾಯ ಹುಟ್ಟಿತು. 2006ರ ಡಿಸೆಂಬರಿನಲ್ಲಿ ಶುರುವಾದ 'ನಿಕೊನಿಕೊ' ಎಂಬ ಸೇವೆಯಲ್ಲಿ ನೋಡುಗರು ಬರೆದ ಮಾತು ವಿಡಿಯೋದ ಕೆಳಗೆ ನಿಲ್ಲುವುದಿಲ್ಲ, ಚಿತ್ರದ ಮೇಲೆಯೇ ಬಲದಿಂದ ಎಡಕ್ಕೆ ಹರಿದುಹೋಗುತ್ತದೆ. ಮಾತು ಅಂಟಿಕೊಳ್ಳುವುದು ಗಡಿಯಾರದ ಹೊತ್ತಿಗಲ್ಲ, ವಿಡಿಯೋದ ಗಳಿಗೆಗೆ. ಮೂರನೇ ನಿಮಿಷದ ತಮಾಷೆಗೆ ಯಾರೋ ಆರು ತಿಂಗಳ ಹಿಂದೆ ನಕ್ಕಿದ್ದರೆ, ಇಂದು ರಾತ್ರಿ ಒಬ್ಬಳೇ ಕೂತು ನೋಡುವವಳಿಗೆ ಮೂರನೇ ನಿಮಿಷ ಬಂದಾಗಲೇ ಆ ನಗು ಹಾದುಹೋಗುತ್ತದೆ. ಜಪಾನಿನ ವಿಮರ್ಶಕ ಸತೋಶಿ ಹಮಾನೊ ಇದನ್ನು ಹುಸಿಯಾದ ಏಕಕಾಲ ಎಂಬರ್ಥದ ಮಾತಿನಿಂದ ಕರೆದ. ಹುಸಿಯೋ ದಿಟವೋ, ಒಂಟಿತನ ಮಾತ್ರ ಕಡಿಮೆಯಾಗುತ್ತಿತ್ತು. ಈ ಪದ್ಧತಿ ಚೀನಕ್ಕೂ ಹೋಗಿ ಅಲ್ಲಿ ಇನ್ನೂ ಜನಪ್ರಿಯವಾಯಿತು.

ಆದರೆ ನೇರಪ್ರಸಾರದಲ್ಲಿ ಹುಸಿ ಏಕಕಾಲ ಸಾಲದು, ನಿಜವಾದದ್ದೇ ಬೇಕು. ತೊಡಕು ಇರುವುದೂ ಅಲ್ಲೇ. ಇಂಟರ್ನೆಟ್ಟಿನ ನೇರಪ್ರಸಾರ ಹೆಸರಿಗಷ್ಟೇ ನೇರ. 2009ರಲ್ಲಿ ಆಪಲ್ ಕಂಪೆನಿ ತಂದು, ಮುಂದೆ ಎಲ್ಲೆಡೆ ಹಬ್ಬಿದ ಕ್ರಮದಲ್ಲಿ, ಚಿತ್ರವನ್ನು ಹತ್ತು ಹತ್ತು ಸೆಕೆಂಡಿನ ತುಂಡುಗಳಾಗಿ ಕಡಿದು ಕಳಿಸುತ್ತಿದ್ದರು. ಹೋಳಿಗೆಯನ್ನು ಕಾವಲಿಯಿಂದ ಒಂದೊಂದಾಗಿ ಎಲೆಗೆ ಬಡಿಸದೆ ಹತ್ತರ ಅಟ್ಟಿ ಕಟ್ಟಿ ಪಂಕ್ತಿಗೆ ತಂದ ಹಾಗೆ. ಮಧ್ಯೆ ನಿಂತುಹೋಗದಿರಲೆಂದು ಫೋನು ಎರಡು ಮೂರು ತುಂಡು ಕೂಡಿಟ್ಟುಕೊಂಡೇ ತೋರಿಸಲು ಶುರು ಮಾಡುತ್ತದೆ. ಅಲ್ಲಿಗೆ ಅರ್ಧ ನಿಮಿಷ ಹೋಯಿತು. ಮುಂದೆ ತುಂಡುಗಳು ಚಿಕ್ಕವಾದವು, ವಿಳಂಬ ಕೆಲವೇ ಸೆಕೆಂಡಿಗೆ ಇಳಿಯುವ ದಾರಿಗಳು ಬಂದವು. ಆದರೂ ಒಬ್ಬೊಬ್ಬರ ಫೋನು ಒಂದೊಂದು ದೂರದಲ್ಲಿ ಹಿಂದುಳಿದಿರುತ್ತದೆ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ನಾವು ಮೂವರು ಗೆಳತಿಯರು ಮೂರು ಊರಿನಲ್ಲಿ ಕೂತು ನೋಡಿದೆವು. ಬೆಂಗಳೂರಿನ ಇಸ್ರೋ ಕೇಂದ್ರದಿಂದ ಬರುತ್ತಿದ್ದ ಆ ಪ್ರಸಾರವನ್ನು ಯೂಟ್ಯೂಬಿನಲ್ಲಿ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಕಡೆ ನೋಡುತ್ತಿದ್ದರು. ಫೋನಿನಲ್ಲಿ ಮೂವರ ಧ್ವನಿಯೂ ಕೂಡಿತ್ತು. ಶಿರಸಿಯವಳು ಟಿ.ವಿ.ಯ ಮುಂದಿದ್ದಳು, ನಾವಿಬ್ಬರು ಮೊಬೈಲಿನ ಮುಂದೆ. ನಮ್ಮ ಪರದೆಯಲ್ಲಿ ನೌಕೆ ಇನ್ನೂ ಇಳಿಯುತ್ತಿರುವಾಗಲೇ ಅವಳು "ಆಯ್ತು ಕಣ್ರೇ!" ಎಂದು ಕೂಗಿಬಿಟ್ಟಳು. ದಾವಣಗೆರೆಯವಳಿಗೆ ಸಿಟ್ಟು: "ಸುಮ್ನಿರೇ ಮಾರಾಯ್ತಿ, ನಮ್ದಿನ್ನೂ ಮೇಲೇ ಇದೆ." ಕ್ರಿಕೆಟ್ಟಿನ ದಿನ ಪಕ್ಕದ ಮನೆಯಿಂದ ಕೂಗು ಕೇಳಿ, ವಿಕೆಟ್ ಬೀಳುವುದನ್ನು ಇಪ್ಪತ್ತು ಸೆಕೆಂಡು ಮೊದಲೇ ತಿಳಿದುಕೊಳ್ಳುವ ಸಂಕಟವೂ ಇದೇ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ಲನ್ನು ಒಂದು ಹಂತದಲ್ಲಿ 5.9 ಕೋಟಿ ಜನ ಮೊಬೈಲ್ ಮುಂತಾದವುಗಳಲ್ಲಿ ಒಮ್ಮೆಗೇ ನೋಡುತ್ತಿದ್ದರು. ಅಷ್ಟು ಜನರಿಗೆ ಚಿತ್ರ ಮುಟ್ಟಿಸುವುದೇ ದೊಡ್ಡ ಸಾಹಸ. ಒಂದೇ ಗಳಿಗೆಗೆ ಮುಟ್ಟಿಸುವುದು ಇನ್ನೂ ದೊಡ್ಡದು.

ಸಿನಿಮಾ ಆದರೆ ನಿಲ್ಲಿಸಬಹುದು. "ತಡಿ, ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದರೆ ಎಲ್ಲರ ಪರದೆಯೂ ನಿಲ್ಲುವಂತೆ ಮಾಡುವುದು ಕಷ್ಟವಲ್ಲ. ನೇರಪ್ರಸಾರದಲ್ಲಿ ನಡೆಯುವ ಸಂಗತಿ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಇರುವ ಮುಖ್ಯ ಉಪಾಯವೆಂದರೆ, ಮುಂದಿರುವವರನ್ನು ಹಿಂದಿರುವವರ ಮಟ್ಟಕ್ಕೆ ತಡೆದು ನಿಲ್ಲಿಸುವುದು. ಪಂಕ್ತಿಯಲ್ಲಿ ಕೊನೆಯ ಎಲೆಗೆ ಅನ್ನ ಬೀಳುವವರೆಗೆ ಮೊದಲ ಎಲೆಯವರು ಕೈಹಾಕದೆ ಕಾಯುವುದಿಲ್ಲವೇ? ಅದೇ ನ್ಯಾಯ. 2011ರಲ್ಲಿ ಡೇವಿಡ್ ಗೀರ್ಟ್ಸ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದಾಗ, ಒಂದು ಸೆಕೆಂಡಿನವರೆಗಿನ ಹೆಚ್ಚುಕಡಿಮೆ ಜನರ ಗಮನಕ್ಕೆ ಬರಲಿಕ್ಕಿಲ್ಲ, ಅದನ್ನು ಮೀರಿ ಬೆಳೆದರೆ ಕಿರಿಕಿರಿ ಶುರುವಾಗುತ್ತದೆ ಎಂದು ಕಂಡಿತು. ಬರೆದು ಹರಟುವವರಿಗಿಂತ ಬಾಯಿಂದ ಮಾತಾಡುವವರಿಗೆ ಒಟ್ಟಿಗಿದ್ದೇವೆಂಬ ಭಾವ ಹೆಚ್ಚು ಎಂದೂ ಕಂಡಿತು. ಎಂಜಿನಿಯರುಗಳು ಸಾಮಾನ್ಯವಾಗಿ ಯಾರಿಗೆ ಎಷ್ಟು ಬೇಗ ತಲುಪಿತು ಎಂದು ಲೆಕ್ಕ ಹಾಕುತ್ತಾರೆ. ಗೆಳತಿಯರಿಗೆ ಬೇಗ ತಲುಪುವುದಕ್ಕಿಂತ ಒಟ್ಟಿಗೆ ತಲುಪುವುದು ಮುಖ್ಯ. ಈ ಎರಡರ ನಡುವಿನ ವ್ಯತ್ಯಾಸ ಚಿಕ್ಕದಲ್ಲ.

ಇನ್ನೊಂದು ಪ್ರಶ್ನೆ, ಜೊತೆಗೆ ಯಾರನ್ನು ಕೂರಿಸುವುದು? 2009ರ ಜನವರಿ 20ರಂದು ಬರಾಕ್ ಒಬಾಮಾ ಅಧಿಕಾರ ಸ್ವೀಕರಿಸಿದ ಸಮಾರಂಭವನ್ನು ಸಿ.ಎನ್.ಎನ್. ತನ್ನ ತಾಣದಲ್ಲಿ ನೇರವಾಗಿ ತೋರಿಸಿದಾಗ, ಚಿತ್ರದ ಪಕ್ಕದಲ್ಲೇ ಫೇಸ್‌ಬುಕ್ಕಿನ ಮಾತುಗಳು ಹರಿಯುತ್ತಿದ್ದವು. ಲೋಕದವರೆಲ್ಲರ ಮಾತನ್ನು ಓದಬಹುದಿತ್ತು, ಅಥವಾ ನಿಮ್ಮ ಸ್ನೇಹಿತರದನ್ನು ಮಾತ್ರ. ಜಾತ್ರೆಯೋ ಜಗಲಿಯೋ ಎಂಬ ಈ ಆಯ್ಕೆಯಲ್ಲಿ ಮುಂದಿನ ದಿನಗಳು ಬಹುಮಟ್ಟಿಗೆ ಜಾತ್ರೆಯ ಕಡೆಗೇ ಹೋದವು. ಸಾನ್‌ಫ್ರಾನ್ಸಿಸ್ಕೊದ ಜಸ್ಟಿನ್ ಕಾನ್ ಎಂಬ ತರುಣ 2007ರಲ್ಲಿ ಟೋಪಿಗೆ ಕ್ಯಾಮರಾ ಸಿಕ್ಕಿಸಿಕೊಂಡು ತನ್ನ ದಿನವಿಡೀ ಬದುಕನ್ನು ಪ್ರಸಾರ ಮಾಡತೊಡಗಿದ. ಅದರಿಂದಲೇ 2011ರಲ್ಲಿ, ಆಟ ಆಡುವುದನ್ನು ನೋಡುವ 'ಟ್ವಿಚ್' ಹುಟ್ಟಿತು. 2014ರಲ್ಲಿ ಅಮೆಜಾನ್ ಅದನ್ನು 97 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹರಟೆಯಲ್ಲಿ ಆಜ್ಞೆ ಟೈಪು ಮಾಡುತ್ತ 'ಪೋಕೆಮಾನ್' ಎಂಬ ಒಂದೇ ಆಟವನ್ನು ಒಟ್ಟಾಗಿ ಆಡಿ 16 ದಿನಗಳಲ್ಲಿ ಮುಗಿಸಿದರು. ಜಾತ್ರೆಗೂ ಅದರದೇ ಆದ ಸಂಭ್ರಮವಿದೆ, ಇಲ್ಲವೆನ್ನಲಾಗದು.

ಆದರೆ ಜಾತ್ರೆಯಲ್ಲಿ ಹೆಂಗಸರಿಗೆ ಏನಾಗುತ್ತದೆಂಬುದು ನಮಗೆ ಹೊಸತಲ್ಲ. ನೂಕುನುಗ್ಗಲಿನ ನೆಪದಲ್ಲಿ ಮೈಮೇಲೆ ಬೀಳುವ ಜನರೇ ಪರದೆಯ ಮೇಲೆ ಹೆಸರು ಮುಚ್ಚಿಕೊಂಡು ಕೊಳಕು ಮಾತು ಬರೆಯುತ್ತಾರೆ. 2021ರಲ್ಲಿ ಟ್ವಿಚ್‌ನಲ್ಲಿ ಕೆಲವರ ಮೇಲೆ, ಮುಖ್ಯವಾಗಿ ಕಪ್ಪು ಜನಾಂಗದವರ ಮತ್ತು ಲೈಂಗಿಕ ಅಲ್ಪಸಂಖ್ಯಾತರ ಮೇಲೆ, ಗುಂಪುಗುಂಪಾಗಿ ಬೈಗುಳದ ದಾಳಿಗಳು ನಡೆದು, ಬೇಸತ್ತವರು ಸೆಪ್ಟೆಂಬರ್ 1ರಂದು ಒಂದು ದಿನದ ಬಹಿಷ್ಕಾರ ಹೂಡಿದರು. ಅಷ್ಟು ದೂರ ಹೋಗಬೇಕಾಗಿಲ್ಲ. ಹಾಡುಗಾರ್ತಿಯೊಬ್ಬಳ ನೇರಪ್ರಸಾರದ ಕೆಳಗೆ ಬರುವ ಮಾತುಗಳನ್ನು ಓದಿ, ಒಂದು ಒಳ್ಳೆಯ ಮಾತು ಬರೆಯಬೇಕೆಂದಿದ್ದವಳು ಕೈ ಹಿಂದೆಗೆದುಕೊಂಡದ್ದು ನನಗೂ ಗೊತ್ತು, ನಿಮಗೂ ಗೊತ್ತಿದ್ದೀತು. ಬರೆದರೆ ನಮ್ಮ ಹೆಸರು ಊರೆಲ್ಲ ಕಾಣುತ್ತದೆ. ಹಾಗಾಗಿ ನಮ್ಮಂಥವರು ಲಕ್ಷ ಜನರ ನಡುವೆ ಮೂಕರಾಗಿ ಕೂತು ನೋಡುತ್ತೇವೆ. ಪ್ಯಾರಿಸ್ಸಿನ ಆ ಕೇಳುಗೊಳವೆಯವರ ಸ್ಥಿತಿಗೂ ಇದಕ್ಕೂ ಅಂಥ ವ್ಯತ್ಯಾಸವಿಲ್ಲ.

2020ರಲ್ಲಿ ಜಗತ್ತಿಗೆ ಜಗಲಿಯ ನೆನಪಾಯಿತು. ಮನೆಯಲ್ಲಿ ಕೂಡಿಹಾಕಲ್ಪಟ್ಟ ಜನ ಒಟ್ಟಿಗೆ ಸಿನಿಮಾ ನೋಡುವ ಸೌಲಭ್ಯಗಳನ್ನು ಹುಡುಕಿ ಹುಡುಕಿ ಬಳಸಿದರು. ನಮ್ಮಲ್ಲಿ ಯಕ್ಷಗಾನವೂ ತಾಳಮದ್ದಳೆಯೂ ಯೂಟ್ಯೂಬಿನಲ್ಲಿ ನೇರವಾಗಿ ಬಂದವು. ಮುಂಬಯಿಯ ಮಗಳೂ ಊರಿನ ತಾಯಿಯೂ ಅದನ್ನು ಒಂದೇ ಹೊತ್ತಿಗೆ ನೋಡಿದರು, ಇನ್ನೊಂದು ಫೋನಿನಲ್ಲಿ ಮಾತಾಡುತ್ತ. ಎರಡು ಫೋನು ಬೇಕಾಯಿತೆಂಬುದೇ ಏನು ಕೊರತೆಯಿತ್ತೆಂದು ಹೇಳುತ್ತದೆ. 2021ರಲ್ಲಿ ಆಪಲ್ ತನ್ನ ಫೋನುಗಳಲ್ಲಿ ವಿಡಿಯೋ ಕರೆಯೊಳಗೇ ಒಟ್ಟಿಗೆ ನೋಡುವ ಸೌಲಭ್ಯ ಕೊಟ್ಟಿತು. ಅದರಲ್ಲಿ ನನಗೆ ಹಿಡಿಸಿದ ಸಂಗತಿಯೆಂದರೆ, ಗೆಳತಿ ಬಾಯಿ ತೆರೆದರೆ ಕಾರ್ಯಕ್ರಮದ ಸದ್ದು ತಾನಾಗಿ ತಗ್ಗುತ್ತದೆ. ಅವಳು ಸುಮ್ಮನಾದರೆ ಮತ್ತೆ ಏರುತ್ತದೆ. ಪಾರ್ಕ್‌ನವರು ಕಂಡ ಆ ಮಾತಿನ ಸಂದಿಯನ್ನು ಯಂತ್ರವೇ ಬಿಡಿಸಿಕೊಡಲು ಕಲಿತಿತು. ಆದರೆ ಆ ಫೋನಿನ ಬೆಲೆ ಎಲ್ಲರ ಕೈಗೆಟಕುವಂಥದಲ್ಲ.

ಉಳಿದವುಗಳಲ್ಲಿ ಹಲವು ಬಾಳಲಿಲ್ಲ. ಫೇಸ್‌ಬುಕ್ 2018ರಲ್ಲಿ ತೆರೆದ 'ವಾಚ್ ಪಾರ್ಟಿ' 2021ರಲ್ಲಿ ಮುಚ್ಚಿತು. ಟ್ವಿಚ್ 2020ರಲ್ಲಿ ತಂದ ಅದೇ ಹೆಸರಿನ ಸೌಲಭ್ಯ 2024ರಲ್ಲಿ ನಿಂತಿತು. ನನಗೆ ತೋರುವ ಕಾರಣ ಹೀಗಿದೆ. ಜಾತ್ರೆಯಿಂದ ವ್ಯಾಪಾರಿಗೆ ಲಾಭವುಂಟು. ಜನ ಹೆಚ್ಚಿದಷ್ಟೂ ಜಾಹೀರಾತು. ನಾಲ್ಕು ಗೆಳತಿಯರ ಜಗಲಿಯಿಂದ ಅವನಿಗೇನು ಸಿಕ್ಕೀತು? ಇದು ಸೌಲಭ್ಯದ ದೋಷವಲ್ಲ, ಲೆಕ್ಕದ ಕ್ರಮದ ದೋಷ. ದೇವಸ್ಥಾನದ ಕಟ್ಟೆಯನ್ನೂ ಶಾಲೆಯ ಅಂಗಳವನ್ನೂ ಊರು ಲಾಭಕ್ಕಾಗಿ ಕಟ್ಟಲಿಲ್ಲ.

ಇಂಥದನ್ನು ಮುಂದೆ ಕಟ್ಟುವವರಿಗೆ, ಅದರಲ್ಲೂ ಬೆಂಗಳೂರಿನ ಆ ದೊಡ್ಡ ಕಟ್ಟಡಗಳಲ್ಲಿ ಕೂತು ಕಟ್ಟುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ, ಹೇಳಬೇಕಾದದ್ದು ಹೆಚ್ಚೇನಿಲ್ಲ. ನಾಲ್ಕೈದು ಜನಕ್ಕೆ ಸಾಲುವ ಜಾಗ ಸಾಕು, ಆದರೆ ಬಾಗಿಲು ನಮ್ಮ ಕೈಯಲ್ಲಿರಬೇಕು. ಯಾರು ಬಂದು ಕೂತಿದ್ದಾರೆಂದು ಕಾಣಬೇಕು. ನಾನು ಏನು ನೋಡುತ್ತಿದ್ದೇನೆಂಬುದು ನಾನು ಹೇಳದೆ ಯಾರಿಗೂ ಕಾಣಬಾರದು. ನಿಧಾನವಾದ ಸಂಪರ್ಕವಿರುವ ಊರಿನವಳಿಗಾಗಿ ಪಟ್ಟಣದವಳ ಪರದೆ ಕಾಯಬೇಕು. ಕನ್ನಡದಲ್ಲಿ ಟೈಪು ಮಾಡಲು ಬಾರದವಳು ಬಾಯಿಂದಲೇ ಮಾತಾಡಲು ಆಗಬೇಕು. ಅರ್ಧದಲ್ಲಿ ಎದ್ದು ಸಾರಿಗೆ ಒಗ್ಗರಣೆ ಹಾಕಿ ಬಂದರೆ ಯಾವ ಗಂಟೆಯೂ ಬಾರಿಸಬಾರದು. ಏನೂ ಮಾತಾಡದೆ ಸುಮ್ಮನೆ ಕೂರುವುದಕ್ಕೂ ಅಲ್ಲಿ ಎಡೆಯಿರಬೇಕು, ಏಕೆಂದರೆ ಮೌನವಾಗಿ ಜೊತೆಯಲ್ಲಿರಬಲ್ಲವರನ್ನೇ ಅಲ್ಲವೇ ನಾವು ಗೆಳತಿಯರೆನ್ನುವುದು.